ಕೋಡಿ ಬೆಂಗ್ರೆಯ ಕಯಾಕ್: ದೋಣಿಗೆ ನಾಲ್ಕು ಅಂಕ, ವೇಳೆಗೆ ಎರಡು

ಕಯಾಕ್ ಸವಾರಿಯ ಬುಕಿಂಗ್ ಸಂದೇಶದಲ್ಲಿ ಎಲ್ಲವೂ ‘ಬ್ಯಾಕ್‌ವಾಟರ್’. ಸೀತಾ, ಸ್ವರ್ಣಾ ಹೊಳೆಗಳು ಕಡಲು ಸೇರುವ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಸುತ್ತಲ ನೀರಿಗೆಲ್ಲ ಅದೊಂದೇ ಹೆಸರು. ಕನ್ನಡಕ್ಕೆ ತಂದು ‘ಹಿನ್ನೀರು’ ಅಂದರೆ ಘಟ್ಟದ ಮೇಲಿನವರಿಗೆ ನೆನಪಾಗುವುದು ಲಿಂಗನಮಕ್ಕಿ, ಅಣೆಕಟ್ಟಿನ ಹಿಂದೆ ನಿಂತ ನೀರು. ಇಲ್ಲಿನದು ನಿಲ್ಲುವ ನೀರಲ್ಲ; ಕಡಲಿನ ಉಬ್ಬರ ಇಳಿತಕ್ಕೆ ದಿನಕ್ಕೆ ಸುಮಾರು ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಸವಾರಿ ನಡೆಸುವ ಸಂಸ್ಥೆಯ ಹೆಸರು ಬೇಡ, ಈ ಭಾಗದಲ್ಲಿ ಇಂಥವು ಹಲವಿವೆ, ತಪ್ಪು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲು ದೋಣಿ. ಇಬ್ಬರು ಕೂರುವ, ಮೇಲ್ಭಾಗ ತೆರೆದ ಪ್ಲಾಸ್ಟಿಕ್ ಕಯಾಕ್. ಮಗುಚಿದರೂ ನೀರು ತುಂಬಿ ಮುಳುಗುವ ಜಾತಿಯದಲ್ಲ, ಹೊಸಬರಿಗೆ ಸರಿಯಾದ ಆಯ್ಕೆ. ಹತ್ತುವ ಮೊದಲು ಹಿಂತುದಿಯ ಬಿರಡೆಯನ್ನು ಕೈಯಿಂದ ತಿರುಗಿಸಿ ನೋಡಿ. ಅದು ಸಡಿಲವಿದ್ದರೆ ಒಳಹೊಟ್ಟೆಗೆ ನೀರು ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಹಿಂಭಾಗ ಜಗ್ಗಿ ದೋಣಿ ಎಮ್ಮೆಯ ಹಾಗೆ ತಿರುಗಲು ಒಲ್ಲೆನ್ನುತ್ತದೆ. ಇಬ್ಬರಲ್ಲಿ ಭಾರದವರು ಹಿಂದೆ ಕೂರಬೇಕು. ಲೈಫ್ ಜಾಕೆಟ್‌ಗಳು ಒಣಗಿದ್ದವು, ಬಕಲ್‌ಗಳು ಗಟ್ಟಿಯಾಗಿದ್ದವು. ಪಟ್ಟಿ ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಯಾರಾದರೂ ಮೇಲೆತ್ತಲಿ. ಜಾಕೆಟ್ ಗದ್ದ ದಾಟಿ ಬಂತೆಂದರೆ ಅಳತೆ ದೊಡ್ಡದು, ಬದಲಿಸಿಕೊಳ್ಳಿ. ಇಲ್ಲಿ ಹುಡುಗರು ಬೇಸರಿಸದೆ ಬದಲಿಸಿ ಕೊಡುತ್ತಾರೆ, ಅದಕ್ಕೇ ನಾಲ್ಕು ಅಂಕ.

ಇನ್ನು ವೇಳೆ. ಸ್ಲಾಟ್‌ಗಳು ಗಡಿಯಾರ ನೋಡಿ ಇಟ್ಟವು: ಬೆಳಗ್ಗೆ 7, 9, ಸಂಜೆ 4. ಆದರೆ ನೀರಿಗೆ ಆ ಗಡಿಯಾರ ಗೊತ್ತಿಲ್ಲ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಈ ಶನಿವಾರ ಬೆಳಗ್ಗೆ 7ಕ್ಕೆ ತುಂಬು ಉಬ್ಬರವಿದ್ದರೆ ಮುಂದಿನ ಶನಿವಾರ ಅದೇ 7ಕ್ಕೆ ಹೆಚ್ಚುಕಡಿಮೆ ತಳ ಕಾಣುವ ಇಳಿತ. ಒಂದೇ ಜಾಗಕ್ಕೆ ಒಬ್ಬರು ಐದು ನಕ್ಷತ್ರ ಕೊಟ್ಟು, ಮತ್ತೊಬ್ಬರು ‘ಕೆಸರಲ್ಲಿ ದೋಣಿ ತಳ್ಳಿದ್ದೇ ಆಯ್ತು’ ಎಂದು ಬರೆಯುವುದರ ಗುಟ್ಟು ಇದೇ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗಳೇ ಈ ಸವಾರಿಯ ಜೀವ. ನೀರು ಇಳಿದಾಗ ಅಲ್ಲಿಗೆ ಹೋದರೆ ದೋಣಿ ಕೂತುಬಿಡುತ್ತದೆ. ಇಳಿದು ತಳ್ಳೋಣವೆಂದರೆ ಕಾಲು ಮೊಣಕಾಲವರೆಗೆ ಹೂತು, ಬೇರಿಗೆ ಅಂಟಿದ ಸಿಂಪಿ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ರಬ್ಬರ್ ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ. ಹಿಮ್ಮಡಿ ಮುಚ್ಚುವ ಹಳೇ ಶೂ ಹಾಕಿಕೊಂಡು ಹೋಗಿ.

ಊರಿನವರ ಪದಗಳನ್ನೇ ಹಿಡಿದು ಮಾರ್ಗ ಕೇಳಿ. ‘ಕುದ್ರು’ ಅಂದರೆ ಹೊಳೆಯ ನಡುವಿನ ನಡುಗಡ್ಡೆ, ತಿಮ್ಮಣ್ಣ ಕುದ್ರುವಿನ ಹಾಗೆ. ಅದರ ಮರೆಯಲ್ಲಿ ಗಾಳಿ ಕಡಿಮೆ, ಮಕ್ಕಳಿದ್ದರೆ ಅಲ್ಲೇ ಸಾಕು. ‘ಬೆಂಗ್ರೆ’ ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳ ನಾಲಿಗೆ. ಅದರ ಒಳಮಗ್ಗುಲಲ್ಲಿ ನೀರು ಶಾಂತವಾಗಿರುತ್ತದೆ. ‘ಅಳಿವೆ’ ಮಾತ್ರ ಬೇರೆ ಲೆಕ್ಕ: ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗ. ಗೈಡ್ ‘ಸ್ವಲ್ಪ ಮುಂದೆ ಹೋಗಿ ಬರೋಣ’ ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಅಳಿವೆಗೆ ಎಷ್ಟು ದೂರ, ಈಗ ಏರ್ತಾ ಇದೆಯೋ ಇಳೀತಾ ಇದೆಯೋ?

ಇಳಿತದ ಸುಮಾರು ಆರು ಗಂಟೆಯಲ್ಲಿ ನೀರು ಒಂದೇ ಸಮ ಇಳಿಯುವುದಿಲ್ಲ. ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಎಂಬುದು ಸ್ಥೂಲ ಲೆಕ್ಕ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೊರಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಮಧ್ಯಾಹ್ನದ ಮೇಲೆ ಪಡುಗಾಳಿ ಎದುರು ಬೀಸಿತೆಂದರೆ ಹೊರಹೋಗುವ ನೀರಿಗೂ ಒಳಬರುವ ಗಾಳಿಗೂ ಜಟಾಪಟಿ. ಅಳಿವೆಯಲ್ಲಿ ತೆರೆ ಮೊನಚಾಗಿ ಏಳುತ್ತದೆ. ಮೊದಲ ಸಲ ಹುಟ್ಟು ಹಿಡಿದವರ ಕೈಗೆ ಸಿಗುವ ಆಟವಲ್ಲ ಅದು. ಆ ಹೊತ್ತಲ್ಲಿ ಅಲ್ಲಿಗೆ ಕರೆದೊಯ್ಯುವ ಗೈಡ್ ಎಷ್ಟೇ ಈಜು ಬಲ್ಲವನಾದರೂ ಅದು ಸೇವೆಯ ದೋಷವೇ. ವೇಳೆಗೆ ಎರಡೇ ಅಂಕ ಕೊಟ್ಟದ್ದು ಇದಕ್ಕೆ.

ಆದ್ದರಿಂದ ದಿನ ಗೊತ್ತುಮಾಡುವ ಮುಂಚೆ ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್‌ನ (INCOIS) ಜಾಲತಾಣದಲ್ಲಿ ಉಬ್ಬರದ ಹೊತ್ತು ನೋಡಿ. ಹೊಳೆಯ ಒಳಗೆ ನೀರು ತುಂಬುವುದು ಕಡಲಿಗಿಂತ ತುಸು ತಡ, ಅದನ್ನೂ ಸೇರಿಸಿಕೊಳ್ಳಿ. ಒಂದೂವರೆ ಗಂಟೆಯ ಸವಾರಿಗೆ ತುಂಬು ಉಬ್ಬರಕ್ಕೆ ಒಂದು ಗಂಟೆ ಮೊದಲು ಹೊರಡಬೇಕು: ಅಳಿವೆಗೆ ಬೆನ್ನು ಹಾಕಿ, ಏರುವ ನೀರಿನ ಜೊತೆ ಕಾಂಡ್ಲಾ ಕಡೆಗೆ. ವಾಪಸು ಬರುವಾಗ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ತೋಳಿಗೆ ಸುಖ. ಆ ಹೊತ್ತಿಗೆ ಸ್ಲಾಟ್ ಇಲ್ಲ ಅಂದರೆ ಫೋನ್ ಮಾಡಿ ಕೇಳಿ. ವಾರದ ನಡುವೆ ಹೊಂದಿಸಿ ಕೊಡುತ್ತಾರೆ, ಭಾನುವಾರ ಕೊಡುವುದಿಲ್ಲ.