ಯೂಟ್ಯೂಬ್ ಪಾಲುದಾರ ಯೋಜನೆ: ಜೀವನೋಪಾಯದ ದೃಷ್ಟಿಯಿಂದ ಒಂದು ವಿಮರ್ಶೆ

ಇಳಕಲ್ಲಿನ ಮಗ್ಗ, ಬಾದಾಮಿಯ ಗುಹೆಗಳು, ಬನಶಂಕರಿ ಜಾತ್ರೆಯ ನಾಟಕಗಳನ್ನು ಕುರಿತು ವಿಡಿಯೊ ಮಾಡುವ ಬಾಗಲಕೋಟೆ ಜಿಲ್ಲೆಯ ತರುಣರಲ್ಲಿ ಹಲವರು ಇದನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸುವುದರಿಂದ, ಜಾಹೀರಾತಿನ ಹಣದಲ್ಲಿ ವಿಡಿಯೊ ತಯಾರಕರಿಗೂ ಪಾಲು ಕೊಡುವ ಯೂಟ್ಯೂಬ್‌ನ ಪಾಲುದಾರ ಯೋಜನೆ ಒಂದು ಸಂಸಾರವನ್ನು ಸಾಕಬಲ್ಲದೇ ಎಂದು ಪರಿಶೀಲಿಸುವುದು ಅಗತ್ಯ.

ಹವ್ಯಾಸಿಗೆ ಈ ಸೇವೆ ಅತ್ಯುತ್ತಮ. ವಿಡಿಯೊ ಇರಿಸಲು ಶುಲ್ಕವಿಲ್ಲ. ನೋಡುಗರು ಯಾವ ಕ್ಷಣದಲ್ಲಿ ಬಿಟ್ಟುಹೋದರು ಎಂಬುದನ್ನು ಯೂಟ್ಯೂಬ್‌ನ ಸ್ಟುಡಿಯೊ ಆ್ಯಪ್ ರೇಖಾಚಿತ್ರದಲ್ಲೇ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ನೇರವಾಗಿ ತಿದ್ದುವ ಸಾಧನ ನನಗೆ ಕಂಡಿಲ್ಲ.

ವರಮಾನದ ಮಾತು ಬೇರೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಕಿರು ವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಬೇಕು. ದೀರ್ಘ ವಿಡಿಯೊಗಳ ಜಾಹೀರಾತು ಹಣದಲ್ಲಿ ಶೇ 55ರಷ್ಟು ತಯಾರಕರಿಗೆ ಸೇರುತ್ತದೆ, ಇದು ನ್ಯಾಯವಾದ ಪಾಲೇ. ಆದರೆ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ, ಮೊತ್ತವೂ ಜಾಹೀರಾತುದಾರರ ಬೇಡಿಕೆಗೆ ತಕ್ಕಂತೆ ಪ್ರತಿ ತಿಂಗಳು ಏರಿಳಿಯುವುದರಿಂದ ಅದನ್ನು ನಂಬಿ ಮನೆ ಬಾಡಿಗೆ, ಸಾಲದ ಕಂತು ಕಟ್ಟಲಾಗದು.

ಮದುವೆ ಚಿತ್ರೀಕರಣ, ನೇಕಾರರಿಗೆ ಸೀರೆ ಮಾರಾಟದ ವಿಡಿಯೊ ಮಾಡಿಕೊಡುವುದು ಮುಂತಾದ ಸ್ಥಳೀಯ ಕೆಲಸ ಕೈಯಲ್ಲಿದ್ದು, ಯೂಟ್ಯೂಬ್‌ನ ಹಣವಿಲ್ಲದೆಯೂ ಮನೆಖರ್ಚು ಸಾಗುವಂತಿದ್ದರೆ ಮಾತ್ರ ವೃತ್ತಿಗೆ ಇಳಿಯಬಹುದು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವ ಕುಸುರಿಯನ್ನು ನಿಧಾನವಾಗಿ, ಅಕ್ಕರೆಯಿಂದ ದಾಖಲಿಸಬಯಸುವವರು ಮಾತ್ರ ದಯವಿಟ್ಟು ಇದನ್ನು ಹವ್ಯಾಸವಾಗಿಯೇ ಉಳಿಸಿಕೊಳ್ಳಲಿ. ವಾರವಾರವೂ ವಿಡಿಯೊ ಹಾಕಲೇಬೇಕೆಂಬ ಒತ್ತಡದಲ್ಲಿ ಆ ತಾಳ್ಮೆ ಉಳಿಯುವುದಿಲ್ಲ.