ಮಣ್ಣುಗೋಡೆಯ ಮನೆಯಲ್ಲಿ ಕಿಟಕಿ ಕೀಳಿಸುವ ಮೊದಲು ಇದನ್ನೊಮ್ಮೆ ಓದಿ

ತುಮಕೂರಿನ ಹಳೇ ಪೇಟೆಯಲ್ಲಿ ಒಂದು ಮಾಳಿಗೆ ಮನೆ. ಒಂದೂವರೆ ಅಡಿ ದಪ್ಪದ ಮಣ್ಣುಗೋಡೆ, ಮೇಲೆ ಸುಣ್ಣದ ಗಾರೆ. ಏಳು ಕಿಟಕಿ, ಏಳೂ ಹೊನ್ನೆ ಮರದವು. ಕದ ಸರಿಯಾಗಿ ಮುಚ್ಚುತ್ತಿರಲಿಲ್ಲ, ಸೊಳ್ಳೆ, ರಸ್ತೆಯ ಧೂಳು. ಕಿಟಕಿ ಹಾಕುವವರು ಬಂದು ಅಳತೆ ತೆಗೆದು, ಎರಡು ದಿನದ ಕೆಲಸ, ಆಮೇಲೆ ಇಪ್ಪತ್ತು ವರ್ಷ ಮುಟ್ಟಬೇಕಾಗಿಲ್ಲ ಅಂದರು. ಹೇಳಿದಂತೆ ಎರಡೇ ದಿನದಲ್ಲಿ ಏಳನ್ನೂ ಕಿತ್ತು ಬಿಳಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಕಿಟಕಿ ಕೂರಿಸಿದರು. ಅದು ಮೇ ತಿಂಗಳು.

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಮಳೆಗೆ ಮುಂದಿನ ಎರಡು ಕಿಟಕಿಗಳ ಕೆಳಗೆ ಗೋಡೆ ಹೊಟ್ಟೆ ಬಿಟ್ಟಿತು. ಮೇಲಿನ ಮೂಲೆಗಳಿಂದ ಓರೆಯಾಗಿ ಬಿರುಕು ಎದ್ದು ತೊಲೆಯ ಕಡೆಗೆ ಹೋಯಿತು. ಹೊಸ ಸಿಮೆಂಟ್ ಪಟ್ಟಿಯನ್ನು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು, ಅದರ ಅಂಚಿಗೆ ಬಿಳಿ ಉಪ್ಪು. ಕಿಟಕಿ ಹಾಕಿದವರನ್ನು ಕರೆದರೆ, ವಾರಂಟಿ ಪ್ರೊಫೈಲಿಗೆ, ಅಂದರೆ ಕಿಟಕಿಯ ಯುಪಿವಿಸಿ ಪಟ್ಟಿಗೆ ಮಾತ್ರ, ಗೋಡೆಗಲ್ಲ ಅಂದರು. ಬರೆದುಕೊಟ್ಟ ಕಾಗದದಲ್ಲೂ ಹಾಗೇ ಇತ್ತು.

ಯುಪಿವಿಸಿ ಕೆಟ್ಟದ್ದು ಅಂತ ಇದನ್ನು ಬರೆಯುತ್ತಿಲ್ಲ. ಆರ್‌ಸಿಸಿ (ಕಬ್ಬಿಣ, ಕಾಂಕ್ರೀಟಿನ) ಮನೆಗೆ ಅದು ಒಳ್ಳೆಯದೇ. ಇಲ್ಲಿ ಮನೆ ಕೆಟ್ಟಿದ್ದು ಹಳೆಯ ಚೌಕಟ್ಟನ್ನು ಕಿತ್ತ ದಿನವೇ. ಮಣ್ಣುಗೋಡೆಯಲ್ಲಿ ಕಿಟಕಿಯ ಚೌಕಟ್ಟು ಗೋಡೆಯದೇ ಒಂದು ಭಾಗ, ಭಾರ ಹೊರುವ ಭಾಗ.

ಈ ಮನೆಗಳಲ್ಲಿ ಚೌಕಟ್ಟಿನ ಮೇಲಿನ, ಕೆಳಗಿನ ಅಡ್ಡಪಟ್ಟಿಗಳು ಎರಡೂ ಬದಿಗೆ ನಾಲ್ಕೈದು ಇಂಚು ಗೋಡೆಯೊಳಗೆ ಚಾಚಿಕೊಂಡಿರುತ್ತವೆ. ಅದರ ಮೇಲೆ ಗೋಡೆಯ ದಪ್ಪಕ್ಕೆ ತಕ್ಕಂತೆ ಮೂರ್ನಾಲ್ಕು ಮರದ ಹಲಗೆಗಳನ್ನು ಪಕ್ಕಪಕ್ಕ ಮಲಗಿಸಿರುತ್ತಾರೆ. ಕಿಟಕಿಯ ಮೇಲಿನ ಗೋಡೆಯನ್ನು ಹೊರುವ ಆ ಹಲಗೆಗಳೇ ಲಿಂಟಲ್. ವರ್ಷಗಳು ಉರುಳಿದಂತೆ ಹಲಗೆ ಬಾಗಿ ಚೌಕಟ್ಟಿನ ಮೇಲೆ ಕೂರುತ್ತದೆ, ಮೇಲಿನ ಮಣ್ಣಿನ ಭಾರ ಚೌಕಟ್ಟಿಗೆ ಇಳಿಯುತ್ತದೆ. ಹಾರೆ ಹಾಕಿ ಚೌಕಟ್ಟನ್ನು ಎಬ್ಬಿಸಿದರೆ ಪಕ್ಕದ ಮಣ್ಣು ಬುಟ್ಟಿಗಟ್ಟಲೆ ಸುರಿಯುತ್ತದೆ, ಮೇಲಿನ ಹಲಗೆ ಕಾಲಿಂಚು ಇಳಿಯುತ್ತದೆ. ಓರೆ ಬಿರುಕಿನ ಮೂಲ ಅಲ್ಲಿದೆ. ಆ ಮನೆಯಲ್ಲಿ ಕೀಳುವಾಗ ಒಂದು ಕಿಟಕಿಗೂ ಮೇಲಿನ ಭಾರ ತಡೆಯುವ ಆನಿಕೆ ಕೊಟ್ಟಿರಲಿಲ್ಲ.

ಸುರಿದ ಜಾಗವನ್ನು ಇಟ್ಟಿಗೆ, ಸಿಮೆಂಟಿನಲ್ಲಿ ತುಂಬಿ ಚೌಕ ಮಾಡಿದರು. ಮಣ್ಣು ಮತ್ತು ಸುಣ್ಣ ತೇವ ಹೀರುತ್ತವೆ, ಬಿಸಿಲಿಗೆ ಬಿಡುತ್ತವೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕ ನೀರು ಸಿಮೆಂಟಿನ ಅಂಚಿಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಉಳಿದು ಗಾರೆಯನ್ನು ಚಕ್ಕೆ ಎಬ್ಬಿಸುತ್ತದೆ. ಇನ್ನು ಹೊಸ ಚೌಕಟ್ಟನ್ನು ಗೋಡೆಗೆ ಹಿಡಿದಿದ್ದ ಆಂಕರ್ ಬೋಲ್ಟುಗಳು. ಅವು ಹಿಗ್ಗಿ ಹಿಡಿಯುವುದು ಕಾಂಕ್ರೀಟನ್ನು, ಗಟ್ಟಿ ಇಟ್ಟಿಗೆಯನ್ನು. ಮಣ್ಣಿನಲ್ಲಿ ತಮ್ಮ ಸುತ್ತ ಪುಡಿ ಮಾಡಿಕೊಂಡು ಸಡಿಲವಾಗಿ ನಿಲ್ಲುತ್ತವೆ.

ನೀರು ಒಳಗೆ ಬಂದ ಬಗೆ ಇನ್ನೂ ಬೇಸರದ್ದು. ಹಳೆಯ ಕಿಟಕಿಯ ಕೆಳಗೆ ಒಂದು ಚಪ್ಪಡಿ ಕಲ್ಲು ಇತ್ತು, ಹೊರಕ್ಕೆ ಇಳಿಜಾರಾಗಿ, ಗೋಡೆಯಿಂದ ಎರಡು ಇಂಚು ಮುಂದಕ್ಕೆ ಚಾಚಿಕೊಂಡು. ಮಟ್ಟ ಬರಲಿಲ್ಲ ಅಂತ ಅದನ್ನು ಒಡೆದು ಹಾಕಿದರು. ಸ್ಲೈಡಿಂಗ್ ಕಿಟಕಿಯ ಕೆಳಹಳಿಯಲ್ಲಿ ನಿಂತ ನೀರು ಹೊರಹೋಗಲು ಹೊರಬದಿಯಲ್ಲಿ ಸಣ್ಣ ಸೀಳುಗಳಿರುತ್ತವೆ. ಫಿನಿಶಿಂಗ್ ಮಾಡುವಾಗ ಅವಕ್ಕೂ ಪುಟ್ಟಿ ಮೆತ್ತಿದ್ದರು. ಹಳಿ ತುಂಬಿದ ನೀರೆಲ್ಲ ಗೋಡೆಗೇ ಇಳಿಯಿತು.

ಗಾಳಿಯ ಲೆಕ್ಕವನ್ನೂ ನೋಡಿ. ಮೂರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಹಳೆಯ ಕಿಟಕಿಯ ಎರಡೂ ಕದ ತೆರೆದರೆ ಚೌಕಟ್ಟಿನೊಳಗಿನ ಜಾಗವೆಲ್ಲ ಗಾಳಿಗೆ ಸಿಗುತ್ತದೆ. ಅದೇ ಅಳತೆಯ ಸ್ಲೈಡಿಂಗ್‌ನಲ್ಲಿ ಅರ್ಧ ಯಾವಾಗಲೂ ಮುಚ್ಚಿರುತ್ತದೆ, ಪ್ರೊಫೈಲಿನ ದಪ್ಪ ಕಳೆದರೆ ಉಳಿಯುವುದು ಐದು ಚದರ ಅಡಿಯ ಆಸುಪಾಸು. ಬೇಸಿಗೆಯಲ್ಲಿ ತಂಪಾಗಿದ್ದ ನಡುಮನೆ ಉಬ್ಬೆಗೆ ಹಾಕಿದಂತಾಯಿತು. ಮನೆಯ ಮುಖವೂ ಹೋಯಿತು: ಉದ್ದುದ್ದ ನಿಂತ ಕಂಬಿಗಳು, ಮೇಲಿನ ಜೋಡಿ ಪುಟ್ಟ ಕದ, ಕೆಳಗಿನ ಜೋಡಿ ಕದ ಇದ್ದ ಕಡೆ ಈಗ ಬಿಳಿ ಪಟ್ಟಿಯ ಎರಡು ಗಾಜು.

ಆ ಕಿಟಕಿಗಳಿಗೆ ನಿಜವಾಗಿ ಆಗಿದ್ದೇನು? ಕೆಳಗಿನ ನಾಲ್ಕರಿಂದ ಆರು ಇಂಚು ಮಾತ್ರ ಲಡ್ಡಾಗಿತ್ತು. ನಿಮ್ಮ ಮನೆಯಲ್ಲಿ ನೀವೇ ನೋಡಿಕೊಳ್ಳಬಹುದು. ಸ್ಕ್ರೂಡ್ರೈವರ್ ತೆಗೆದುಕೊಂಡು ಚೌಕಟ್ಟಿನ ಬುಡ, ಕೆಳಪಟ್ಟಿಯ ಎರಡು ತುದಿ, ಕದದ ಕೆಳ ಅಂಚು, ಈ ಜಾಗಗಳಲ್ಲಿ ಒತ್ತಿ. ತುದಿ ಸಲೀಸಾಗಿ ಅರ್ಧ ಇಂಚು ಇಳಿದರೆ ಅಲ್ಲಿ ಮರ ಹೋಗಿದೆ. ಒಂದಡಿ ಮೇಲೆ ಒತ್ತಿದರೆ ಸಾಮಾನ್ಯವಾಗಿ ಕಲ್ಲಿನಂತೆ ತಡೆಯುತ್ತದೆ. ಬಣ್ಣ ಕೆರೆದ ಜಾಗವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಹಳದಿ ಹತ್ತಿದರೆ ಅದು ಹೊನ್ನೆ ಇರಬಹುದು. ಅಂಥ ಮರವನ್ನು ಗುಜರಿಗೆ ಕೊಡುವ ಮೊದಲು ಹತ್ತು ಸಲ ಯೋಚಿಸಿ. ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಸುಡಲೂಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆ ಪುಡಿ ಮಕ್ಕಳಿಗೆ ವಿಷ. ನೀರು ಚಿಮುಕಿಸಿಯೇ ಕೆರೆಯಿರಿ.

ಬಡಗಿ ಲಡ್ಡಾದ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹಳೆಯ ಮರದ ತುಂಡನ್ನು ಕೂಡಿಸಬೇಕು. ಓರೆಯ ಉದ್ದ ಪಟ್ಟಿಯ ದಪ್ಪದ ಮೂರು ಪಟ್ಟಾದರೂ ಇರಲಿ: ಮೂರು ಇಂಚು ದಪ್ಪಕ್ಕೆ ಒಂಬತ್ತು ಇಂಚು. ಕೂಡಿದ ಗೆರೆ ಹೊರಕ್ಕೆ ಇಳಿಜಾರಾಗಿರಲಿ, ನೀರು ನಿಲ್ಲಬಾರದು. ಅಂಟು, ಜೊತೆಗೆ ಮರದ ಮೊಳೆ ಅಥವಾ ಹಿತ್ತಾಳೆ ಸ್ಕ್ರೂ. ಕದ ಮುಚ್ಚದಿರುವುದಕ್ಕೆ ಎಷ್ಟೋ ಸಲ ಕಾರಣ ಪದರ ಪದರವಾಗಿ ಕೂತ ಬಣ್ಣ, ಇಲ್ಲವೇ ಸಡಿಲಾದ ಹಿಂಜು. ಸ್ಕ್ರೂ ತೂತಿಗೆ ಬಿದಿರು ಕಡ್ಡಿಯನ್ನು ಅಂಟಿನೊಂದಿಗೆ ಬಡಿದು, ಒಣಗಿದ ಮೇಲೆ ಸ್ಕ್ರೂ ಹಾಕಿದರೆ ಕದ ಮತ್ತೆ ಎದ್ದು ನಿಲ್ಲುತ್ತದೆ. ಧೂಳಿಗೆ ಕದದ ಸುತ್ತ ರಬ್ಬರ್ ಪಟ್ಟಿ, ಸೊಳ್ಳೆಗೆ ಒಳಬದಿಯಲ್ಲಿ ಬೇರೆ ಜಾಲರಿ ಚೌಕಟ್ಟು. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಗೆದ್ದಲು ತಿಂದು ಚೌಕಟ್ಟೇ ಟೊಳ್ಳಾಗಿದ್ದರೆ ಬದಲಿಸಲೇಬೇಕು, ನಿಜ. ಆಗ ಒಂದು ಸಲಕ್ಕೆ ಒಂದೇ ಕಿಟಕಿ. ಲಿಂಟಲ್ ಹಲಗೆಗಳ ಕೆಳಗೆ ಅಡ್ಡ ಹಲಗೆ ಕೊಟ್ಟು ಒಳಗೊಂದು, ಹೊರಗೊಂದು ಸರ್ವೆ ಗಳದ ಆನಿಕೆ ನಿಲ್ಲಿಸಿ. ಚೌಕಟ್ಟನ್ನು ಹಾರೆಯಿಂದ ಎಬ್ಬಿಸದೆ ನಡುವೆ ಗರಗಸದಿಂದ ಕೊಯ್ದು ತುಂಡು ತುಂಡಾಗಿ ತೆಗೆಸಿ. ಅಗಲ, ಎತ್ತರಗಳನ್ನು ಮೂರು ಮೂರು ಕಡೆ ಅಳೆದು ಚಿಕ್ಕ ಅಳತೆಯನ್ನು ಹಿಡಿಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. ಹೊಸ ಕಿಟಕಿ ಮರದ್ದಾದರೆ ಗೋಡೆಯೊಳಗೆ ಒಂದಡಿ ಹೋಗುವ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಯುವ ಕಬ್ಬಿಣದ ಪಟ್ಟಿ) ಕೊಡಿ. ಯುಪಿವಿಸಿಯೇ ಬೇಕಾದರೆ ಸ್ಲೈಡಿಂಗ್ ಬೇಡ, ಎರಡು ಕದ ತೆರೆಯುವ ಕೇಸ್‌ಮೆಂಟ್ ಇರಲಿ. ಮೊದಲು ಗೋಡೆಗೆ ಮರದ ಚೌಕಟ್ಟು ಕೂರಿಸಿ ಅದಕ್ಕೆ ಸ್ಕ್ರೂ ಮಾಡಿಸಿ. ಸುತ್ತ 5 ಮಿ.ಮೀ. ಸಂದು ಬಿಡಿ. ನಾಲ್ಕೂವರೆ ಅಡಿಯ ಪ್ರೊಫೈಲ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಪ್ರೊಫೈಲ್ ಬಾಗಿ ಕದ ಸಿಕ್ಕಿಕೊಳ್ಳುತ್ತದೆ. ಹಳೆಯದು ಹೊರಗೋಡೆಯಿಂದ ಎಷ್ಟು ಒಳಗಿತ್ತೋ ಹೊಸದೂ ಅಷ್ಟೇ ಒಳಗಿರಲಿ. ಮುಂದಕ್ಕೆ ತಂದರೆ ನೆರಳೂ ಹೋಗುತ್ತದೆ, ಮಳೆಯೂ ಬಡಿಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಗೋಡೆ, ಕಲ್ಲಿನ ಲಿಂಟಲ್ ಇರುವ ಮನೆಯಾದರೆ ಲಿಂಟಲ್ ಚಪ್ಪಡಿಯ ಅಂಚಿಗೆ ಡ್ರಿಲ್ ಹಾಕಲು ಬಿಡಬೇಡಿ. ಅಂಚು ಸೀಳುತ್ತದೆ.

ಮಾತು ಕೊಡುವ ಮೊದಲು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ: ಗೋಡೆ ಬಿದ್ದರೆ ಯಾರು ಕಟ್ಟಿಕೊಡುತ್ತಾರೆ, ಯಾವುದರಲ್ಲಿ ಕಟ್ಟುತ್ತಾರೆ, ಆನಿಕೆ ಯಾರದ್ದು, ಹಳೆಯ ಮರ ಯಾರಿಗೆ. ಚದರ ಅಡಿ ದರದಲ್ಲಿ ಇದ್ಯಾವುದೂ ಬರುವುದಿಲ್ಲ.

ಆ ಮನೆಯವರು ಡಿಸೆಂಬರ್‌ನಲ್ಲಿ ಕಿತ್ತ ಕಿಟಕಿಗಳನ್ನು ಮಾರಿದ್ದ ಹಳೇ ಮರದ ಅಂಗಡಿಗೆ ಹೋಗಿ, ತಾವು ಮಾರಿದ ಬೆಲೆಗಿಂತ ಬಹಳ ಹೆಚ್ಚು ತೆತ್ತು ಮುಂದಿನ ಎರಡು ಕಿಟಕಿಗಳನ್ನು ವಾಪಸ್ ತಂದರು. ಸಿಮೆಂಟ್ ಕೆರೆದು, ಒಂದು ಪಾಲು ಹದವಾದ ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ, ಒಂದು ಸಲಕ್ಕೆ ಅರ್ಧ ಇಂಚು ಮೀರದಂತೆ ಗಾರೆ ಮೆತ್ತಿ, ಒದ್ದೆ ಗೋಣಿ ಕಟ್ಟಿ ಆರೈಕೆ ಮಾಡಿದರು. ಹೊಸ ಚಪ್ಪಡಿಯನ್ನೂ ಇಳಿಜಾರಾಗಿ ಕೂರಿಸಿದರು. ಉಳಿದ ಐದು ಕಿಟಕಿಗಳ ಮರ ಅಷ್ಟರಲ್ಲಿ ಬೇರೆ ಯಾರದೋ ಮನೆಯ ಮೇಜು, ಬೆಂಚು ಆಗಿ ಹೋಗಿತ್ತು.