ಭಜನೆಗೆ ಹಾರ್ಮೋನಿಯಂ ತಗೊಳ್ಳೋರು ಇದನ್ನ ಓದಿ (4/5)

ನಮ್ಮ ಭಜನಾ ಮಂಡಳಿಗೆ ಅಂತ ಹೊಸ ಹಾರ್ಮೋನಿಯಂ ತಗೊಂಡ್ವಿ, ಮೂರೂಕಾಲು ಆಕ್ಟೇವು (ಸ್ಥಾಯಿ), ಬೇಸ್ (ತಗ್ಗು ದನಿ) ಮತ್ತೆ ಮೇಲ್ (male, ಅದಕ್ಕಿಂತ ಎತ್ತರದ ದನಿ) ಅಂತ ಎರಡು ಲೈನ್ ರೀಡು, ಅಂದ್ರೆ ಗಾಳಿಗೆ ನಡುಗಿ ಸ್ವರ ಕೊಡೋ ಹಿತ್ತಾಳೆ ಪಟ್ಟಿಗಳು. ಒಂದು ಮನೆ (ಕೀ) ಒತ್ತಿದ್ರೆ ಇನ್ನೊಂದು ಸ್ಥಾಯಿಯ ಅದೇ ಸ್ವರವೂ ಜೊತೆಗೆ ನುಡಿಯೋ ಕಪ್ಲರ್ ಇದೆ. ಮನೆಗಳನ್ನ ಸರಿಸಿ ಶ್ರುತಿ ಬದಲಿಸೋ ಸ್ಕೇಲ್ ಚೇಂಜರ್ ಬೇಡ ಅಂದ್ವಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನಂಗೆ ತುಂಬಾ ಇಷ್ಟ ಆಗಿದ್ದು ತಿದಿ. ಅಂಗಡೀಲೇ ಸ್ಟಾಪರ್ (ರೀಡಿಗೆ ಗಾಳಿ ಬಿಡೋ ಗುಬ್ಬಿಗಳು) ಎಲ್ಲಾ ಮುಚ್ಚಿ ಗಾಳಿ ತುಂಬಿಸಿ ಒತ್ತಿ ನೋಡಿದ್ವಿ, ಗಟ್ಟಿಯಾಗಿ ನಿಂತ್ಕೊಳ್ತು, ಅಂದ್ರೆ ಲೀಕ್ ಇಲ್ಲ. ನೀವೂ ತಗೊಳ್ಳೋ ಮುಂಚೆ ಹಿಂಗೆ ನೋಡಿ.

ಈ ಕೈತಿದಿ ಇದ್ಯಲ್ಲ, ಅದು ನಮ್ಮವರದ್ದೇ ಬದಲಾವಣೆ. ರೀಡ್ ನಡುಗಿ ಸ್ವರ ಬರೋ ಐಡಿಯಾ ಚೀನಾದ ಶೆಂಗ್ ವಾದ್ಯದಲ್ಲಿ ಮೊದಲೇ ಇತ್ತು, ಅದು ಯುರೋಪಿಗೆ ಹೋದ್ಮೇಲೆ ಅಲ್ಲಿನವರೂ ಅಂಥ ರೀಡು ಹಾಕಿ ವಾದ್ಯ ಮಾಡೋಕೆ ಶುರು ಮಾಡಿದ್ರು, 1842ರಲ್ಲಿ ಪ್ಯಾರಿಸ್‌ನ ದೆಬೇನ್ ಹಾರ್ಮೋನಿಯಂಗೆ ಪೇಟೆಂಟ್ ತಗೊಂಡ್ರು. ಅದನ್ನ ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳೀಬೇಕಿತ್ತು, ಯಾಕಂದ್ರೆ ಅವರಿಗೆ ಕಾರ್ಡ್ಸ್ (ಹಲವು ಸ್ವರ ಒಟ್ಟಿಗೆ) ನುಡಿಸೋಕೆ ಎರಡೂ ಕೈ ಬೇಕು. ನಮ್ಮ ಹಾಡಿಗೆ ಒಂದು ಕೈ ಸಾಕು, ಹಂಗಾಗಿ 1875ರ ಸುಮಾರಿಗೆ ಕೋಲ್ಕತ್ತಾದ ದ್ವಾರಕಾನಾಥ್ ಘೋಷ್ ತಿದೀನ ಹಿಂದೆ ತಂದು ನೆಲದ ಮೇಲೆ ಕೂತು ನುಡಿಸೋ ಹಂಗೆ ಮಾಡಿದ್ರು. ಕಾಲಲ್ಲಿ ತುಳಿಯೋದು ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಆಗಿ ಉಳ್ಕೊಳ್ತು.

ಶ್ರುತಿ ವಿಷಯ ಮಾತ್ರ ನೀವೇ ನೋಡ್ಕೋಬೇಕು. ಅಂಗಡಿಯಿಂದ ಬಂದಾಗ ಇದು ಪಿಯಾನೋ ಥರ ಸಮ ಭಾಗದ ಟ್ಯೂನಿಂಗ್‌ನಲ್ಲಿತ್ತು, ಅದ್ರಲ್ಲಿ ಅಂತರ ಗಾಂಧಾರ ತಂಬೂರಿ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಪಕ್ಕಪಕ್ಕದ ಎರಡು ಮನೆ ನಡುವಿನ ಅಂತರದ ನೂರರಲ್ಲಿ 14 ಪಾಲು) ಜಾಸ್ತಿ ಇರುತ್ತೆ, ತಂಬೂರಿ ಜೊತೆ ಹಿಡಿದ್ರೆ ಅಲೆ ಅಲೆಯಾಗಿ ಕಿವಿಗೆ ಚುಚ್ಚುತ್ತೆ. ಗಮಕ ಬರಲ್ಲ, ಶ್ರುತಿ ಸರಿ ಇಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನ ದೂರ ಇಟ್ಟಿದ್ದು ಪೂರ್ತಿ ಸುಳ್ಳೇನಲ್ಲ. ಆದ್ರೆ ಗಮಕ ಇಲ್ದಿದ್ರೂ ಇಪ್ಪತ್ತು ಜನರ ಕೋರಸ್‌ನ ಶ್ರುತಿ ಜಾರದ ಹಾಗೆ ಹಿಡಿದಿಡೋಕೆ ಇದಕ್ಕಿಂತ ಒಳ್ಳೆ ಜೊತೆ ನಂಗಂತೂ ಗೊತ್ತಿಲ್ಲ.

ನಾವು ಹಾಡೋದು ಯಾವಾಗ್ಲೂ ಕಪ್ಪು ಒಂದರಲ್ಲೇ (ಮೊದಲ ಕಪ್ಪು ಮನೆಯೇ ಷಡ್ಜ), ಅದಕ್ಕೆ ಒಬ್ಬರು ರಿಪೇರಿಯವರ ಹತ್ರ ಗಾಂಧಾರ ಟ್ಯೂನಿಂಗ್, ಅಂದ್ರೆ ಸ್ವರಗಳನ್ನ ತಂಬೂರಿಗೆ ಹೊಂದಿಸೋ ಟ್ಯೂನಿಂಗ್, ಮಾಡಿಸಿದ್ವಿ. ಹಿತ್ತಾಳೆ ರೀಡಿನ ತುದಿ ಕೆರೆದ್ರೆ ಸ್ವರ ಏರುತ್ತೆ, ಬುಡದ ಹತ್ರ ಕೆರೆದ್ರೆ ಇಳಿಯುತ್ತೆ, ಅವರು ಸ್ವಲ್ಪ ಸ್ವಲ್ಪ ಕೆರೆದು ತಂಬೂರಿಗೆ ಹಿಡಿದು ನೋಡ್ತಾ ಇದ್ರು, ಒಂದು ಹಂತದಲ್ಲಿ ಆ ಅಲೆ ನಿಂತೇಹೋಯ್ತು. ಎಂಥಾ ಸುಖ ಅಂತೀರಾ!

ಇಂಥ ಟ್ಯೂನಿಂಗ್ ಮಾಡಿಸೋದಾದ್ರೆ ಸ್ಕೇಲ್ ಚೇಂಜರ್‌ಗೆ ದುಡ್ಡು ಹಾಕ್ಬೇಡಿ, ಮನೆಗಳನ್ನ ಸರಿಸಿದ ಕೂಡ್ಲೇ ಬೇರೆ ರೀಡಿಗೆ ಹೋಗ್ತೀರಿ, ಲೆಕ್ಕ ಎಲ್ಲಾ ತಪ್ಪುತ್ತೆ. ನಿಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಶ್ರುತಿ ಇದ್ರೆ ಸ್ಕೇಲ್ ಚೇಂಜರ್ ತಗೊಳ್ಳಿ, ಟ್ಯೂನಿಂಗ್ ಹಂಗೇ ಬಿಡಿ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಮಳೆಗಾಲಕ್ಕೆ. ಮರ ಉಬ್ಬಿ ಮೇಲಿನ ಎರಡು ಮನೆ ಒತ್ತಿದ್ರೆ ಹಂಗೇ ಕೂತ್ಕೊಳ್ತಿತ್ತು, ಅಂಗಡಿಯವರು ಫೋನೇ ಎತ್ತಲಿಲ್ಲ, ಕೊನೆಗೆ ಅದೇ ರಿಪೇರಿಯವರು ಬಂದು ಸರಿಮಾಡಿಕೊಟ್ರು.